ಕೌಂಟಿಯ ಮನೆಗಳ ಹಣದ ಕಷ್ಟ ಅಳೆಯಲು ಯಾವ ಅಂಕಿ ಹಿಡಿಯಬೇಕು?

ನಮ್ಮೂರಿನ ಕಿರಾಣಿ ಅಂಗಡಿಯಲ್ಲಿ ‘ಇಂದು ನಗದು, ನಾಳೆ ಸಾಲ’ ಎಂಬ ಬೋರ್ಡ್ ಇತ್ತು. ಬೋರ್ಡಿನ ಕೆಳಗೇ ಸಾಲದ ಪುಸ್ತಕವೂ ಇತ್ತು. ಯಾರ ಮನೆಯಲ್ಲಿ ದುಡ್ಡಿನ ತಾಪತ್ರಯ ಶುರುವಾಗಿದೆ ಅನ್ನುವುದು ಎಲ್ಲರಿಗಿಂತ ಮೊದಲು ಆ ಅಂಗಡಿಯವರಿಗೆ ಗೊತ್ತಾಗುತ್ತಿತ್ತು. ಬ್ಯಾಂಕಿನವರಿಗೆ ಗೊತ್ತಾಗುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತಿದ್ದವು. ಕೋರ್ಟಿನವರಿಗೆ ಇನ್ನೂ ತಡ. ಕೆಲವರ ಕಷ್ಟ ಮಾತ್ರ ಯಾವ ಪುಸ್ತಕಕ್ಕೂ ಏರುತ್ತಲೇ ಇರಲಿಲ್ಲ.

ಅಮೆರಿಕದ ಕೌಂಟಿಗಳ ಅಂಕಿಅಂಶದ ಜೊತೆ ಕೆಲಸ ಮಾಡುವಾಗೆಲ್ಲ ನನಗೆ ಆ ಪುಸ್ತಕ ನೆನಪಾಗುತ್ತದೆ. ಇತ್ತೀಚೆಗೆ ಇಬ್ಬರು ಒಂದೇ ಪ್ರಶ್ನೆ ಕೇಳಿದರು. ಒಬ್ಬಳು ಮೈಸೂರಿನಿಂದ ಬಂದು ಇಲ್ಲಿ ಸಾರ್ವಜನಿಕ ನೀತಿ ಓದುತ್ತಿರುವ ಹುಡುಗಿ, ಪ್ರಬಂಧಕ್ಕೆ ಅಂಕಿ ಬೇಕು. ಇನ್ನೊಬ್ಬರು ವಾರಾಂತ್ಯದಲ್ಲಿ ಊಟದ ಸಾಮಾನು ಹಂಚುವ ಸಂಸ್ಥೆಯಲ್ಲಿ ದುಡಿಯುವವರು, ಅನುದಾನದ ಅರ್ಜಿ ಬರೆಯಬೇಕು. ‘ನಮ್ಮ ಕೌಂಟಿಯ ಮನೆಗಳು ಹಣಕಾಸಿನಲ್ಲಿ ಎಷ್ಟು ಕಷ್ಟದಲ್ಲಿವೆ ಅಂತ ತೋರಿಸೋಕೆ ಯಾವ ಸಂಖ್ಯೆ ತಗೊಳ್ಳಲಿ? ಹತ್ತಾರು ಇವೆ, ಒಂದೊಂದೂ ಒಂದೊಂದು ಹೇಳುತ್ತೆ’ ಅಂದರು. ಇಬ್ಬರಿಗೂ ನಾನು ಕೊಟ್ಟ ಉತ್ತರ ಬೇರೆ ಬೇರೆ. ಯಾಕೆ ಅಂತ ಇಲ್ಲಿ ಬರೆಯುತ್ತೇನೆ.

ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ ಅಂದುಕೊಳ್ಳಬಹುದು, ಆದರೆ ಅಳತೆ ತಾಳೆಯಾಗುವುದಿಲ್ಲ. ಕರ್ನಾಟಕಕ್ಕೆ 31 ಜಿಲ್ಲೆ. ಟೆಕ್ಸಾಸ್ ಒಂದಕ್ಕೇ 254 ಕೌಂಟಿ. ಇಡೀ ದೇಶದಲ್ಲಿ 3,100ಕ್ಕೂ ಹೆಚ್ಚು. ಲಾಸ್ ಏಂಜಲೀಸ್ ಕೌಂಟಿಯಲ್ಲಿ ಸುಮಾರು ಒಂದು ಕೋಟಿ ಜನ. ಟೆಕ್ಸಾಸಿನ ಲವಿಂಗ್ ಕೌಂಟಿಯಲ್ಲಿ 2020ರ ಜನಗಣತಿ ಎಣಿಸಿದ್ದು 64 ಜನರನ್ನು. ನಮ್ಮಲ್ಲಿ ಒಂದು ಮದುವೆ ಮನೆಯಲ್ಲಿ ಅದಕ್ಕಿಂತ ಜಾಸ್ತಿ ಜನ ಅಡುಗೆ ಮನೆಯಲ್ಲೇ ಇರುತ್ತಾರೆ. ಎರಡಕ್ಕೂ ಒಂದೇ ಕೋಷ್ಟಕದಲ್ಲಿ ಒಂದೊಂದು ಸಾಲು. ತೊಂದರೆ ಅಲ್ಲಿಂದಲೇ ಶುರು.

ಮೊದಲು ನಿಮ್ಮನ್ನೇ ಕೇಳಿಕೊಳ್ಳಿ

ಅಂಕಿ ಇಳಿಸಿಕೊಳ್ಳುವ ಮುಂಚೆ ನಾನು ನೋಡುವ ಮೊದಲ ವಿಷಯ: ಇದು ಯಾರ ಪುಸ್ತಕದ ಲೆಕ್ಕ? ಸರ್ಕಾರದ ಸಮೀಕ್ಷೆಯದ್ದೇ, ಸಾಲ ಕೊಟ್ಟವರದ್ದೇ, ಕೋರ್ಟಿನದ್ದೇ? ಸಮೀಕ್ಷೆ ಆದಾಯ ಹೇಳುತ್ತದೆ. ಸಾಲ ಕೊಟ್ಟವರ ಪುಸ್ತಕ ತಪ್ಪಿದ ಕಂತು ಹೇಳುತ್ತದೆ. ಕೋರ್ಟಿನ ಪುಸ್ತಕ ಕೈಚೆಲ್ಲಿದವರ ಸಂಖ್ಯೆ ಹೇಳುತ್ತದೆ. ಇವು ಮೂರು ಬೇರೆ ಬೇರೆ ಹಂತ.

ಎರಡನೆಯದು ಇನ್ನೂ ಮುಖ್ಯ, ಜನ ಮರೆಯುವುದೂ ಇದನ್ನೇ. ಕಾನೂನು ಬದಲಾದರೆ ಈ ಸಂಖ್ಯೆ ತಾನಾಗಿ ಏರುತ್ತದೆಯೇ, ಇಳಿಯುತ್ತದೆಯೇ? ಹೌದಾದರೆ, ಎರಡು ರಾಜ್ಯಗಳ ಕೌಂಟಿಗಳನ್ನು ಅದರಲ್ಲಿ ಹೋಲಿಸುವಾಗ ಮೈಯೆಲ್ಲ ಕಣ್ಣಾಗಿರಬೇಕು.

ಉಳಿದವು ಸಾಮಾನ್ಯ ಜ್ಞಾನದ ಪ್ರಶ್ನೆಗಳು. ಚಿಕ್ಕ ಕೌಂಟಿಗೂ ಸಿಗುತ್ತದೆಯೇ, ಎಷ್ಟು ತಡವಾಗಿ ಬರುತ್ತದೆ, ಪುಕ್ಕಟೆಯೇ, ಅದನ್ನು ಹಸನು ಮಾಡಲು ನಿಮಗೆ ಎಷ್ಟು ದಿನ ಇದೆ.

ಬಡತನದ ದರ ಮತ್ತು ನಿರುದ್ಯೋಗದ ದರ

ಎಲ್ಲರೂ ಮೊದಲು ಕೈ ಹಾಕುವುದು ಇವೆರಡಕ್ಕೆ. ತಪ್ಪಿಲ್ಲ. ಪುಕ್ಕಟೆ, ಎಲ್ಲ ಕೌಂಟಿಗೂ ಇವೆ.

ಬಡತನಕ್ಕೆ ಎರಡು ದಾರಿ. ಸೆನ್ಸಸ್ ಬ್ಯೂರೋದ ಅಮೆರಿಕನ್ ಕಮ್ಯುನಿಟಿ ಸರ್ವೆ 65,000ಕ್ಕಿಂತ ಜಾಸ್ತಿ ಜನ ಇರುವ ಕಡೆಗೆ ಮಾತ್ರ ಪ್ರತಿ ವರ್ಷದ ಅಂಕಿ ಕೊಡುತ್ತದೆ. ಉಳಿದವಕ್ಕೆ ಐದು ವರ್ಷ ಸೇರಿಸಿದ ಅಂಕಿ. ಐದು ವರ್ಷದ ಅಂಕಿ ಅಂದರೆ ಕಾರ್ಖಾನೆ ಮುಚ್ಚುವ ಮುಂಚಿನ ಮೂರು ವರ್ಷ, ಮುಚ್ಚಿದ ಮೇಲಿನ ಎರಡು ವರ್ಷ ಒಂದೇ ಪಾತ್ರೆಯಲ್ಲಿ ಕಲಸಿದ ಹಾಗೆ. ಇನ್ನೊಂದು ದಾರಿ ಅದೇ ಬ್ಯೂರೋದ ಎಸ್‌ಎಐಪಿಇ ಅಂದಾಜು. ತೆರಿಗೆ ದಾಖಲೆ, ಫುಡ್ ಸ್ಟ್ಯಾಂಪ್ (ಬಡವರಿಗೆ ಊಟದ ಸಾಮಾನು ಕೊಳ್ಳಲು ಸರ್ಕಾರ ಕೊಡುವ ನೆರವು) ದಾಖಲೆಗಳನ್ನು ಸಮೀಕ್ಷೆಯ ಜೊತೆ ಸೇರಿಸಿ ಪ್ರತಿ ಕೌಂಟಿಗೂ ಪ್ರತಿ ವರ್ಷ ಲೆಕ್ಕ ಹಾಕುತ್ತಾರೆ. ಚಿಕ್ಕ ಕೌಂಟಿಯವರಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ.

ಆದರೆ ಬಡತನದ ರೇಖೆಯೇ ಹಳೆಯದು. 1960ರ ದಶಕದಲ್ಲಿ ಮಾಲಿ ಒರ್ಶಾನ್ಸ್ಕಿ ಎಂಬವರು ಊಟದ ಖರ್ಚಿನ ಮೂರು ಪಟ್ಟು ಎಂದು ಹಾಕಿದ ಲೆಕ್ಕವನ್ನು ಬೆಲೆ ಏರಿಕೆಗೆ ತಕ್ಕಂತೆ ಏರಿಸುತ್ತಾ ಬಂದಿದ್ದಾರೆ, ಅಷ್ಟೇ. ತಂದೆ ತಾಯಿ, ಇಬ್ಬರು ಮಕ್ಕಳ ಕುಟುಂಬಕ್ಕೆ 2023ರಲ್ಲಿ ಅದು ಸುಮಾರು 31 ಸಾವಿರ ಡಾಲರ್. ಮಿಸಿಸಿಪ್ಪಿಯ ಹಳ್ಳಿಗೂ ಅದೇ ರೇಖೆ, ಬಾಡಿಗೆ ಬೆಂಕಿಯಾಗಿರುವ ಸ್ಯಾನ್ ಹೋಸೆಗೂ ಅದೇ ರೇಖೆ.

ಇನ್ನೊಂದು ಬಲೆ ಇದೆ, ಅದರಲ್ಲಿ ನಾನೇ ಸಿಕ್ಕಿಕೊಂಡಿದ್ದೆ. ಟೆಕ್ಸಾಸಿನ ಬ್ರಾಜೋಸ್ ಕೌಂಟಿಯಲ್ಲಿ ದೊಡ್ಡ ವಿಶ್ವವಿದ್ಯಾಲಯ ಇದೆ. ಅಲ್ಲಿ ಓದುವಾಗ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ನಾವು ನಾಲ್ವರು ಇದ್ದೆವು. ಮೊದಲ ವರ್ಷ ಓಡಿದ್ದು ಊರಿನ ಬ್ಯಾಂಕಿನ ಶಿಕ್ಷಣ ಸಾಲದಲ್ಲಿ. ಸಾಲ ಆದಾಯವಲ್ಲ. ಸಮೀಕ್ಷೆಯ ಕಾಗದ ನಮ್ಮ ಬಾಗಿಲಿಗೆ ಬಂದಿದ್ದರೆ ನಾಲ್ವರೂ ಕಡುಬಡವರ ಲೆಕ್ಕಕ್ಕೆ ಸೇರುತ್ತಿದ್ದೆವು. ಹಾಸ್ಟೆಲಿನಲ್ಲಿ ಇರುವವರನ್ನು ಬಡತನದ ಎಣಿಕೆಯಿಂದ ಬಿಡುತ್ತಾರೆ, ಹೊರಗೆ ಬಾಡಿಗೆಗೆ ಇರುವವರನ್ನು ಬಿಡುವುದಿಲ್ಲ. ಹಾಗಾಗಿ ಕಾರ್ನೆಲ್ ಇರುವ ಟಾಂಪ್‌ಕಿನ್ಸ್, ಇಂಡಿಯಾನಾ ವಿಶ್ವವಿದ್ಯಾಲಯ ಇರುವ ಮನ್ರೋ, ಇಂಥ ಕೌಂಟಿಗಳ ಬಡತನದ ದರ ಸುಮ್ನೆ ಮೇಲೆ ಹೋಗಿರುತ್ತದೆ.

ನಿರುದ್ಯೋಗದ ದರ ಪ್ರತಿ ತಿಂಗಳು ಬರುತ್ತದೆ, ಅದೇ ಅದರ ಬಲ. ಆದರೆ ಬಹುಮಟ್ಟಿಗೆ ಕಳೆದ ನಾಲ್ಕು ವಾರದಲ್ಲಿ ಕೆಲಸ ಹುಡುಕಿದವರನ್ನಷ್ಟೇ ಅದು ನಿರುದ್ಯೋಗಿ ಅನ್ನುತ್ತದೆ. ಪಶ್ಚಿಮ ವರ್ಜೀನಿಯಾದ ಮ್ಯಾಕ್‌ಡವಲ್ ಕೌಂಟಿ ಕಲ್ಲಿದ್ದಲಿನ ಊರು. 1950ರಲ್ಲಿ ಅಲ್ಲಿ ಹೆಚ್ಚುಕಡಿಮೆ ಒಂದು ಲಕ್ಷ ಜನ, 2020ರಲ್ಲಿ 19 ಸಾವಿರ. ಉಳಿದವರಲ್ಲಿ ಬಹಳಷ್ಟು ಮಂದಿ ಕೆಲಸ ಹುಡುಕುವುದನ್ನೇ ಬಿಟ್ಟಿದ್ದಾರೆ. ಅವರು ಈ ದರದಲ್ಲಿ ಕಾಣುವುದೇ ಇಲ್ಲ. ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕೌಂಟಿಯಲ್ಲಿ ಉಲ್ಟಾ. ಹೊಲದ ಕೆಲಸ ಋತುವಿಗೆ ತಕ್ಕ ಹಾಗೆ ಬರುತ್ತದೆ, ಹೋಗುತ್ತದೆ. ಕೌಂಟಿ ಮಟ್ಟದ ಅಂಕಿಯಲ್ಲಿ ಋತುವಿನ ಏರಿಳಿತ ತೆಗೆದಿರುವುದಿಲ್ಲ. ಹೋದ ತಿಂಗಳ ಜೊತೆ ಹೋಲಿಸಬೇಡಿ, ಹೋದ ವರ್ಷದ ಇದೇ ತಿಂಗಳ ಜೊತೆ ಹೋಲಿಸಿ.

ಆಲಿಸ್: ಬಡವರಲ್ಲ, ಆದರೂ ತಿಂಗಳ ಕೊನೆ ಮುಟ್ಟದವರು

ಕೆಲಸ ಇದೆ, ರೇಖೆಯ ಮೇಲೂ ಇದ್ದಾರೆ, ಆದರೂ ಕಾರು ಕೆಟ್ಟರೆ ಮನೆ ಬಾಡಿಗೆ ತಪ್ಪುತ್ತದೆ. ಇಂಥವರನ್ನು ಎಣಿಸಲು ಯುನೈಟೆಡ್ ವೇ ಎಂಬ ಸೇವಾ ಸಂಸ್ಥೆ ಮಾಡಿಕೊಂಡ ಅಳತೆಯ ಹೆಸರು ಆಲಿಸ್. 2009ರಲ್ಲಿ ನ್ಯೂಜೆರ್ಸಿಯ ಮಾರಿಸ್ ಕೌಂಟಿಯಲ್ಲಿ ಶುರುವಾಯಿತು. ಮಾರಿಸ್ ಶ್ರೀಮಂತ ಕೌಂಟಿ, ಅದೇ ಸ್ವಾರಸ್ಯ. ಆಯಾ ಕೌಂಟಿಯ ಬಾಡಿಗೆ, ಮಕ್ಕಳನ್ನು ನೋಡಿಕೊಳ್ಳುವ ಖರ್ಚು, ಊಟ, ಓಡಾಟ, ಆಸ್ಪತ್ರೆ, ಫೋನು, ತೆರಿಗೆ ಎಲ್ಲ ಕೂಡಿಸಿ ಬದುಕಲು ಬೇಕಾದ ಕನಿಷ್ಠ ಬಜೆಟ್ ಹಾಕುತ್ತಾರೆ. ಅದಕ್ಕಿಂತ ಕಡಿಮೆ ಆದಾಯದ ಮನೆಗಳು ಎಷ್ಟು ಅಂತ ಎಣಿಸುತ್ತಾರೆ. 2022ರ ಲೆಕ್ಕದಲ್ಲಿ ಬಡವರನ್ನೂ ಸೇರಿಸಿ ದೇಶದ ನೂರರಲ್ಲಿ 42 ಮನೆ ಈ ಗೆರೆಯ ಕೆಳಗಿದ್ದವು.

ಅನುದಾನದ ಅರ್ಜಿಗೆ ಇದಕ್ಕಿಂತ ಒಳ್ಳೆಯ ಅಂಕಿ ನಾನು ನೋಡಿಲ್ಲ. ಓದುವವರಿಗೆ ಒಂದೇ ಸಾಲಿನಲ್ಲಿ ಅರ್ಥವಾಗುತ್ತದೆ. ಆದರೆ ಇದು ಆದಾಯವನ್ನು ಖರ್ಚಿನ ಅಂದಾಜಿನ ಜೊತೆ ತೂಗುವ ಲೆಕ್ಕ. ಆ ಮನೆಯಲ್ಲಿ ಉಳಿತಾಯ ಇದೆಯೇ, ಕಂತು ತಪ್ಪಿದೆಯೇ ಅನ್ನುವುದು ಇದಕ್ಕೆ ಗೊತ್ತಿಲ್ಲ. ಪ್ರಬಂಧದ ಮಾರ್ಗದರ್ಶಕರು ‘ಬಜೆಟ್ ಹಾಕಿದವರು ಯಾರು, ಯಾಕೆ ಇಷ್ಟೇ?’ ಅಂತ ಕೇಳುತ್ತಾರೆ. ಉತ್ತರ ತಯಾರಿಟ್ಟುಕೊಳ್ಳಿ.

ಸಾಲ ಕೊಟ್ಟವರ ಪುಸ್ತಕ

ನನ್ನ ಒಲವು ಇದರ ಕಡೆಗೆ, ಮುಚ್ಚಿಡುವುದಿಲ್ಲ. ಕಿರಾಣಿ ಅಂಗಡಿಯ ಪುಸ್ತಕಕ್ಕೆ ಹತ್ತಿರದ್ದು ಇದೇ. ನಮ್ಮಲ್ಲಿ ಸಿಬಿಲ್ ಇದ್ದ ಹಾಗೆ ಇಲ್ಲಿ ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ದೊಡ್ಡ ಕ್ರೆಡಿಟ್ ಸಂಸ್ಥೆಗಳು. ನ್ಯೂಯಾರ್ಕ್ ಫೆಡ್, ಅಂದರೆ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ನ್ಯೂಯಾರ್ಕ್ ಶಾಖೆ, ಇಕ್ವಿಫ್ಯಾಕ್ಸ್ ದಾಖಲೆಗಳಿಂದ ನೂರಕ್ಕೆ ಐದರಂತೆ ಹೆಸರಿಲ್ಲದ ಮಾದರಿ ತೆಗೆದು 1999ರಿಂದ ಮೂರು ತಿಂಗಳಿಗೊಮ್ಮೆ ನೋಡುತ್ತಾ ಬಂದಿದೆ. ಮೂಲ ದಾಖಲೆ ನಮ್ಮಂಥವರಿಗೆ ಸಿಗುವುದಿಲ್ಲ, ಕೊಳ್ಳಲು ಹೋದರೆ ವಿದ್ಯಾರ್ಥಿಯ ಕೈಗೆ ಎಟುಕುವ ಬೆಲೆಯಲ್ಲ. ಆದರೆ ಕೌಂಟಿಯಲ್ಲಿ 660ಕ್ಕಿಂತ ಕಡಿಮೆ ಕ್ರೆಡಿಟ್ ಸ್ಕೋರ್ ಇರುವವರು, ಅಂದರೆ ಸಾಲ ಕೊಡಲು ಬ್ಯಾಂಕು ಹಿಂಜರಿಯುವವರು, ನೂರಕ್ಕೆ ಎಷ್ಟು ಅನ್ನುವ ಸಾಲು ಸೇಂಟ್ ಲೂಯಿ ಫೆಡ್‌ನ ‘ಫ್ರೆಡ್’ ತಾಣದಲ್ಲಿ ಪುಕ್ಕಟೆ ಇದೆ. ಅರ್ಬನ್ ಇನ್‌ಸ್ಟಿಟ್ಯೂಟ್ ಮಾಡಿರುವ ‘ಡೆಟ್ ಇನ್ ಅಮೆರಿಕ’ ನಕ್ಷೆಯಲ್ಲಿ ವಸೂಲಿ ಏಜೆಂಟರ ಕೈಗೆ ಹೋದ ಸಾಲ ಎಷ್ಟು ಜನರ ಹೆಸರಿನಲ್ಲಿದೆ ಅನ್ನುವುದು ಕೌಂಟಿವಾರು ಸಿಗುತ್ತದೆ. ಆಸ್ಪತ್ರೆಯ ಬಾಕಿ ಬೇರೆಯಾಗಿಯೇ ಇದೆ.

ಆ ನಕ್ಷೆ ತೆರೆದರೆ ಟೆಕ್ಸಾಸ್, ಲೂಸಿಯಾನಾ, ದಕ್ಷಿಣ ಕ್ಯಾರೊಲಿನಾ ಗಾಢವಾಗಿ ಕಾಣುತ್ತವೆ, ಮಿನೆಸೋಟಾ ತಿಳಿಯಾಗಿ ಕಾಣುತ್ತದೆ. ಆದಾಯ ಒಂದೇ ಇರುವ ಎರಡು ಮನೆಯಲ್ಲಿ ಒಂದು ಕಂತು ತಪ್ಪಿಸಿದೆ, ಇನ್ನೊಂದು ತಪ್ಪಿಸಿಲ್ಲ ಅನ್ನುವುದನ್ನು ಬಡತನದ ದರ ತೋರಿಸುವುದಿಲ್ಲ. ಇದು ತೋರಿಸುತ್ತದೆ.

ಈಗ ಮುಳ್ಳುಗಳು. 2022ರ ಜುಲೈಯಿಂದ ಮೂರೂ ಸಂಸ್ಥೆಗಳು ತೀರಿಸಿದ ಆಸ್ಪತ್ರೆ ಬಾಕಿಯನ್ನು ದಾಖಲೆಯಿಂದ ತೆಗೆದವು, ಹೊಸ ಬಾಕಿಯನ್ನು ಒಂದು ವರ್ಷ ಕಾದು ಸೇರಿಸಲು ಶುರು ಮಾಡಿದವು. 2023ರ ಏಪ್ರಿಲ್‌ನಲ್ಲಿ 500 ಡಾಲರ್‌ಗಿಂತ ಕಡಿಮೆಯ ಆಸ್ಪತ್ರೆ ಬಾಕಿ ಪೂರ್ತಿ ಮಾಯವಾಯಿತು. ನಕ್ಷೆಯಲ್ಲಿ ಬಣ್ಣ ತಿಳಿಯಾಯಿತು. ಮನೆಗಳ ಜೇಬು ಮಾತ್ರ ಹಾಗೇ ಇತ್ತು. ‘ನಮ್ಮ ಕೌಂಟಿ ಒಂದೇ ವರ್ಷದಲ್ಲಿ ಸುಧಾರಿಸಿತು’ ಅಂತ ಬರೆದವರ ವರದಿ ನಾನೇ ತಿದ್ದಿದ್ದೇನೆ. ವಿದ್ಯಾರ್ಥಿ ಸಾಲದ ಕಥೆಯೂ ಇದೇ. 2020ರ ಮಾರ್ಚ್‌ನಿಂದ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲದ ಕಂತು ನಿಂತಿತ್ತು. ಮತ್ತೆ ಶುರುವಾದ ಮೇಲೂ 2024ರ ಸೆಪ್ಟೆಂಬರ್ ತನಕ ತಪ್ಪಿದ ಕಂತನ್ನು ಕ್ರೆಡಿಟ್ ದಾಖಲೆಗೆ ಹಾಕಲಿಲ್ಲ. 2025ರ ಆರಂಭದಲ್ಲಿ ಎಲ್ಲ ಒಟ್ಟಿಗೆ ಮೇಲೆದ್ದವು. ಈ ನಡುವಿನ ವರ್ಷಗಳನ್ನು ಬಳಸುವವರು ಒಂದು ಅಡಿಟಿಪ್ಪಣಿಯನ್ನಾದರೂ ಹಾಕಲೇಬೇಕು.

ಇನ್ನೊಂದು ಮಾತು. ಪುಸ್ತಕದಲ್ಲಿ ಹೆಸರೇ ಇಲ್ಲದವರು ಇಲ್ಲಿ ಇಲ್ಲ. ನಗದಿನಲ್ಲೇ ಬದುಕುವವರು, ನೆಂಟರ ಹತ್ತಿರ ಕೈಸಾಲ ಮಾಡುವವರು, ಹೊಸದಾಗಿ ದೇಶಕ್ಕೆ ಬಂದವರು. ಬೆಂಗಳೂರಿನಿಂದ ಬಂದಿಳಿದ ಇಂಜಿನಿಯರ್ ಕೂಡ ಮೊದಲ ಕೆಲವು ತಿಂಗಳು ಈ ಲೆಕ್ಕಕ್ಕೆ ಇಲ್ಲದ ಮನುಷ್ಯನೇ.

ಮನೆ ಸಾಲ ಮಾತ್ರ ಬೇಕಿದ್ದರೆ ಗ್ರಾಹಕರ ಹಣಕಾಸು ರಕ್ಷಣಾ ಬ್ಯೂರೋದ ಅಂಕಿ ಇದೆ. 30ರಿಂದ 89 ದಿನ ತಪ್ಪಿದವರು, 90 ದಿನ ದಾಟಿದವರು ಅಂತ ಬೇರೆ ಬೇರೆಯಾಗಿ, 2008ರಿಂದ ತಿಂಗಳುವಾರು. ಆದರೆ ಸಿಗುವುದು ಕೆಲವು ನೂರು ದೊಡ್ಡ ಕೌಂಟಿಗಳಿಗೆ. ಬಾಡಿಗೆ ಮನೆಯವರು ಇದರಲ್ಲಿ ಇಲ್ಲವೇ ಇಲ್ಲ.

ದಿವಾಳಿ ಅರ್ಜಿ: ಚೆನ್ನಾಗಿ ಎಣಿಸಿದ, ಆದರೆ ಮೋಸ ಮಾಡುವ ಅಂಕಿ

ಫೆಡರಲ್ ಕೋರ್ಟುಗಳು ಎಫ್-5ಎ ಎಂಬ ಕೋಷ್ಟಕದಲ್ಲಿ ಪ್ರತಿ ಕೌಂಟಿಯ ದಿವಾಳಿ ಅರ್ಜಿಗಳನ್ನು ಪ್ರಕಟಿಸುತ್ತವೆ. ಇದು ಅಂದಾಜಲ್ಲ, ಒಂದೊಂದನ್ನೂ ಎಣಿಸಿದ್ದು. ಚಾಪ್ಟರ್ 7, ಚಾಪ್ಟರ್ 13 ಬೇರೆ ಬೇರೆ ಇರುತ್ತವೆ. ಮೊದಲನೆಯದರಲ್ಲಿ ಕೆಲವು ತಿಂಗಳಲ್ಲಿ ಸಾಲ ರದ್ದಾಗುತ್ತದೆ. ಎರಡನೆಯದರಲ್ಲಿ ಮೂರರಿಂದ ಐದು ವರ್ಷ ಕಂತು ಕಟ್ಟಬೇಕು. ಇಷ್ಟು ಅಚ್ಚುಕಟ್ಟಾದ ಅಂಕಿ ನೋಡಿ ವಿದ್ಯಾರ್ಥಿಗಳು ಮರುಳಾಗುತ್ತಾರೆ. ನಾನೂ ಆಗಿದ್ದೆ.

2005ರಲ್ಲಿ ದಿವಾಳಿ ಕಾನೂನು ಬಿಗಿಯಾಯಿತು. ಬಿಗಿಯಾಗುವ ಮುಂಚೆ ಅಂತ ಜನ ಮುಗಿಬಿದ್ದರು, ಆ ವರ್ಷ 20 ಲಕ್ಷಕ್ಕೂ ಹೆಚ್ಚು ಅರ್ಜಿ. ಮರುವರ್ಷ ಸುಮಾರು 6 ಲಕ್ಷ. ಒಂದೇ ವರ್ಷದಲ್ಲಿ ಅಮೆರಿಕದ ಮನೆಗಳ ಕಷ್ಟ ಮೂರರಲ್ಲಿ ಎರಡು ಪಾಲು ಕರಗಿಹೋಯಿತೇ? 2020 ಇನ್ನೂ ವಿಚಿತ್ರ. ಏಪ್ರಿಲ್‌ನಲ್ಲಿ ನಿರುದ್ಯೋಗ ಶೇಕಡ 14 ದಾಟಿತ್ತು. ಆದರೆ 2019ರಲ್ಲಿ 7.7 ಲಕ್ಷ ಇದ್ದ ದಿವಾಳಿ ಅರ್ಜಿ 2020ರಲ್ಲಿ 5.4 ಲಕ್ಷಕ್ಕೆ ಇಳಿಯಿತು. ಸರ್ಕಾರದ ಚೆಕ್ ಬಂದಿತ್ತು, ಮನೆ ಸಾಲದ ಕಂತು ಮುಂದೂಡಲು ಅವಕಾಶ ಸಿಕ್ಕಿತ್ತು. ಎರಡು ಅಂಕಿ ಎರಡು ದಿಕ್ಕಿಗೆ ನಡೆದವು, ಎರಡೂ ನಿಜವೇ.

ದಿವಾಳಿಯಾಗಲೂ ದುಡ್ಡು ಬೇಕು. ಚಾಪ್ಟರ್ 7ರ ಅರ್ಜಿ ಶುಲ್ಕವೇ 338 ಡಾಲರ್. ವಕೀಲರ ಫೀಸು ಅದಕ್ಕಿಂತ ಎಷ್ಟೋ ಜಾಸ್ತಿ. ತೀರಾ ಬಡವರು ಅಲ್ಲಿಯವರೆಗೆ ಹೋಗುವುದೇ ಇಲ್ಲ. ಟೆಕ್ಸಾಸ್, ಪೆನ್ಸಿಲ್ವೇನಿಯಾದಲ್ಲಿ ಸಾಮಾನ್ಯ ಸಾಲಕ್ಕಾಗಿ ಸಂಬಳಕ್ಕೆ ಕೈ ಹಾಕುವಂತಿಲ್ಲ, ಹಾಗಾಗಿ ಅರ್ಜಿ ಹಾಕುವ ಒತ್ತಡ ಕಡಿಮೆ. ಟೆನೆಸಿಯ ಶೆಲ್ಬಿ ಕೌಂಟಿಯಲ್ಲಿ, ಅಂದರೆ ಮೆಂಫಿಸ್ ಇರುವಲ್ಲಿ, ದಿವಾಳಿ ದರ ವರ್ಷಾನುಗಟ್ಟಲೆ ದೇಶದ ಮುಂಚೂಣಿಯಲ್ಲಿದೆ, ಅದರಲ್ಲೂ ಚಾಪ್ಟರ್ 13. ಅಲ್ಲಿ ಬಡತನವೂ ಇದೆ, ಕೋರ್ಟಿನ ರೂಢಿಯೂ ಇದೆ, ವಕೀಲರು ಫೀಸನ್ನು ಕಂತಿನಲ್ಲೇ ಸೇರಿಸಿಕೊಳ್ಳುವ ಪದ್ಧತಿಯೂ ಇದೆ. ಇದರಲ್ಲಿ ಕಷ್ಟದ ಪಾಲೆಷ್ಟು, ಪದ್ಧತಿಯ ಪಾಲೆಷ್ಟು ಅಂತ ಅಂಕಿಯೊಂದೇ ಹೇಳಲಾರದು.

ಹಾಗಂತ ಬಿಸಾಡಬೇಡಿ. ಒಂದೇ ರಾಜ್ಯದ ಕೌಂಟಿಗಳನ್ನು ಒಂದಕ್ಕೊಂದು ಹೋಲಿಸಿದರೆ ಕಾನೂನಿನ ವ್ಯತ್ಯಾಸ ಬಹುಪಾಲು ಕಳೆದುಹೋಗುತ್ತದೆ. ಶೆಲ್ಬಿಯನ್ನು ಟೆನೆಸಿಯ ಡೇವಿಡ್‌ಸನ್ ಜೊತೆ ಹೋಲಿಸಿ, ಟೆಕ್ಸಾಸಿನ ಡಲ್ಲಾಸ್ ಜೊತೆ ಬೇಡ. ಕ್ರೆಡಿಟ್ ಅಂಕಿಗೂ ಇದೇ ಉಪಾಯ. ಬಡವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆಯಾದ ಮೆಡಿಕೇಡ್ ಅನ್ನು ಟೆಕ್ಸಾಸ್ ವಿಸ್ತರಿಸಿಲ್ಲ, ಮಿನೆಸೋಟಾ ವಿಸ್ತರಿಸಿದೆ. ಆಸ್ಪತ್ರೆ ಬಾಕಿಯಲ್ಲಿ ಆ ಅಂತರ ಬೆರೆತೇ ಇರುತ್ತದೆ.

ಉಳಿದವು, ಬೇಗಬೇಗ

ಮನೆ ಖಾಲಿ ಮಾಡಿಸುವ ಕೇಸುಗಳ ಲೆಕ್ಕಕ್ಕೆ ಪ್ರಿನ್ಸ್‌ಟನ್‌ನ ಎವಿಕ್ಷನ್ ಲ್ಯಾಬ್ ನೋಡಿ. ಬಾಡಿಗೆದಾರರ ಕಷ್ಟ ನೇರವಾಗಿ ಕಾಣುವುದು ಇಲ್ಲಿ. ಆದರೆ ಕೇಸು ಹಾಕುವುದು ಬೇರೆ, ಮನೆ ಬಿಡಿಸುವುದು ಬೇರೆ. ಮೇರಿಲ್ಯಾಂಡ್‌ನಲ್ಲಿ ಕೇಸಿನ ಶುಲ್ಕ ಬಹಳ ಕಡಿಮೆ ಇದ್ದದ್ದರಿಂದ ಮಾಲೀಕರು ಬಾಡಿಗೆ ವಸೂಲಿಗೆ ಅಂತ ಒಂದೇ ಮನೆಯ ಮೇಲೆ ಮತ್ತೆ ಮತ್ತೆ ಕೇಸು ಹಾಕುತ್ತಿದ್ದರು. ಬಾಯಿಮಾತಿನಲ್ಲಿ ‘ನಾಳೆ ಖಾಲಿ ಮಾಡಿ’ ಅಂದದ್ದು ಎಲ್ಲೂ ದಾಖಲಾಗುವುದಿಲ್ಲ.

ಫುಡ್ ಸ್ಟ್ಯಾಂಪ್, ಈಗಿನ ಹೆಸರು ಸ್ನ್ಯಾಪ್, ಪಡೆಯುವವರ ಸಂಖ್ಯೆ ಪುಕ್ಕಟೆ ಸಿಗುತ್ತದೆ, ಅರ್ಥವಾಗುವುದೂ ಸುಲಭ. ಆದರೆ ಇದು ಕಷ್ಟದ ಜೊತೆಗೆ ಕಚೇರಿಯ ಬಾಗಿಲು ಎಷ್ಟು ಅಗಲ ಅನ್ನುವುದನ್ನೂ ಅಳೆಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜೂನ್‌ನಲ್ಲಿ ಎಸ್‌ಎಸ್‌ಐ ನೆರವು ಪಡೆಯುವ ವೃದ್ಧರು, ಅಂಗವಿಕಲರಿಗೂ ಬಾಗಿಲು ತೆರೆಯಿತು. ಕೌಂಟಿಗಳ ಗೆರೆ ಮೇಲಕ್ಕೆ ಜಿಗಿಯಿತು. ಯಾರೂ ಹೊಸದಾಗಿ ಬಡವರಾಗಿರಲಿಲ್ಲ.

ಎಲ್ಲ ಸೇರಿಸಿ ಒಂದೇ ಅಂಕ ಕೊಡುವ ಸೂಚ್ಯಂಕಗಳೂ ಇವೆ. ಅಪಲಾಚಿಯನ್ ಪ್ರಾದೇಶಿಕ ಆಯೋಗ 13 ರಾಜ್ಯಗಳ 423 ಕೌಂಟಿಗಳನ್ನು ನಿರುದ್ಯೋಗ, ತಲಾ ಆದಾಯ, ಬಡತನ ಮೂರನ್ನು ಸೇರಿಸಿ ಐದು ದರ್ಜೆಗೆ ಹಂಚುತ್ತದೆ. ಅನುದಾನದಲ್ಲಿ ಸ್ಥಳೀಯರ ಪಾಲು ಎಷ್ಟು ಅನ್ನುವುದಕ್ಕೂ ದರ್ಜೆ ಆಧಾರ. ಎಕನಾಮಿಕ್ ಇನ್ನೋವೇಷನ್ ಗ್ರೂಪ್‌ನ ಸೂಚ್ಯಂಕದಲ್ಲಿ ಏಳು ಅಂಶಗಳಿವೆ, ಖಾಲಿ ಮನೆಗಳು, ಅಂಗಡಿ ಉದ್ಯಮಗಳ ಸಂಖ್ಯೆಯ ಏರಿಳಿತ ಕೂಡ. ಇವು ಊರಿನ ಆರೋಗ್ಯ ಹೇಳುತ್ತವೆ. ಮನೆಯ ಜೇಬಿನ ಪ್ರಶ್ನೆಗೆ ಇವನ್ನು ಹಿಡಿಯುವುದು ಗಂಟಲು ನೋವಿಗೆ ಬೀದಿಯ ಗಾಳಿ ಪರೀಕ್ಷೆ ಮಾಡಿದ ಹಾಗೆ.

ಇನ್ನು, ‘400 ಡಾಲರ್ ತುರ್ತು ಖರ್ಚು ಬಂದರೆ ಎಷ್ಟು ಜನ ಕೈಯಿಂದ ಕಟ್ಟಬಲ್ಲರು’ ಎಂಬ ಪ್ರಸಿದ್ಧ ಅಂಕಿ. ಅದು ಫೆಡರಲ್ ರಿಸರ್ವ್‌ನ ರಾಷ್ಟ್ರೀಯ ಸಮೀಕ್ಷೆಯದ್ದು. ಕೌಂಟಿಗೆ ಇಲ್ಲ. ಇದೆ ಅಂತ ಯಾರಾದರೂ ಕೊಟ್ಟರೆ ಎಲ್ಲಿಂದ ಬಂತು ಅಂತ ಕೇಳಿ.

ಹಾಗಾದರೆ ಯಾರಿಗೆ ಯಾವುದು

ಅನುದಾನದ ಅರ್ಜಿ ಬರೆಯುತ್ತಿದ್ದವರಿಗೆ ನಾನು ಹೇಳಿದ್ದು: ಆಲಿಸ್ ಮುಂದಿಡಿ, ಪಕ್ಕದಲ್ಲಿ ಸ್ನ್ಯಾಪ್ ಸಂಖ್ಯೆ ಇಡಿ. ಎರಡರ ನಡುವೆ ಉಳಿಯುವ ಮನೆಗಳೇ ನಿಮ್ಮ ಸಾಲಿನಲ್ಲಿ ಬಂದು ನಿಲ್ಲುವವರು. ಒಂದು ಸಂಜೆಯ ಕೆಲಸ, ಖರ್ಚು ಸೊನ್ನೆ. ಸಾಧ್ಯವಾದರೆ, ಯಾವ ನೆರವು ಎಲ್ಲಿ ಸಿಗುತ್ತದೆ ಅಂತ ತಿಳಿಸುವ 211 ಸಹಾಯವಾಣಿಗೆ ನಿಮ್ಮ ಕೌಂಟಿಯಿಂದ ಬಂದ ಕರೆಗಳ ವಿವರ ಕೇಳಿ. ಬಾಡಿಗೆಗೆ ಎಷ್ಟು, ಕರೆಂಟ್ ಬಿಲ್ಲಿಗೆ ಎಷ್ಟು ಅಂತ ಅವರ ಹತ್ತಿರ ಇರುತ್ತದೆ. ಅಂಗಡಿಯ ಸಾಲದ ಪುಸ್ತಕದಷ್ಟು ತಾಜಾ ಅಂಕಿ ಬೇಕಿದ್ದರೆ ನನಗೆ ಗೊತ್ತಿರುವುದು ಅದೊಂದೇ.

ಮೈಸೂರಿನ ಹುಡುಗಿಗೆ ಬೇರೆ ಮಾತು. ಅವಳಿಗೆ ಹತ್ತು ಹದಿನೈದು ವರ್ಷದ ಸರಣಿ ಬೇಕಿತ್ತು. 660ಕ್ಕಿಂತ ಕಡಿಮೆ ಸ್ಕೋರಿನವರ ಪಾಲನ್ನು ಮುಖ್ಯ ಅಳತೆಯಾಗಿ ಇಟ್ಟುಕೋ, ದಿವಾಳಿ ಅರ್ಜಿಯನ್ನು ಪರೀಕ್ಷೆಗೆ ಇಟ್ಟುಕೋ, ಹೋಲಿಕೆ ರಾಜ್ಯದ ಒಳಗೇ ಮಾಡು, ಎಸ್‌ಎಐಪಿಇ ಬಡತನವನ್ನು ಪಕ್ಕದಲ್ಲಿಟ್ಟು ಆದಾಯದ ಪಾಲು ಬೇರೆ ಮಾಡು ಅಂದೆ. ವಿಶ್ವವಿದ್ಯಾಲಯದ ಕೌಂಟಿಗಳನ್ನು ಒಮ್ಮೆ ಸೇರಿಸಿ, ಒಮ್ಮೆ ಬಿಟ್ಟು ಲೆಕ್ಕ ಹಾಕು ಅಂತಲೂ ಹೇಳಿದೆ. ವಸೂಲಿ ಸಾಲದ ನಕ್ಷೆ ಒಂದು ವರ್ಷದ ಚಿತ್ರಕ್ಕೆ ಚೆನ್ನ, ಸರಣಿಗೆ ಬೇಡ.

ಕೌಂಟಿ ಕಚೇರಿಯಲ್ಲಿ ಇದ್ದು ಮುಂದಿನ ಮೂರು ತಿಂಗಳ ನೆರವು ಎಲ್ಲಿಗೆ ಹೋಗಬೇಕು ಅಂತ ಯೋಚಿಸುವವರಿಗೆ ಹೋದ ವರ್ಷದ ಬಡತನದಿಂದ ಏನೂ ಪ್ರಯೋಜನವಿಲ್ಲ. ತಿಂಗಳ ನಿರುದ್ಯೋಗ, ಸ್ಥಳೀಯ ಕೋರ್ಟಿನಲ್ಲಿ ಈ ವಾರ ಬಿದ್ದ ಬಾಡಿಗೆ ಕೇಸು, 211 ಕರೆ ಸಾಕು. ಒರಟು ಅಂಕಿಗಳು, ಆದರೆ ಹೊತ್ತಿಗೆ ಬರುತ್ತವೆ. ಇನ್ನು ನಿಮ್ಮದು ಲವಿಂಗ್‌ನಂಥ ಕೌಂಟಿಯಾದರೆ ದರದ ಆಸೆ ಬಿಡಿ. ಅಲ್ಲಿ ಒಂದು ಮನೆ ದಿವಾಳಿಯಾದರೂ ಗ್ರಾಫ್ ಮುಗಿಲಿಗೆ ಏರುತ್ತದೆ. ಅಕ್ಕಪಕ್ಕದ ನಾಲ್ಕೈದು ಕೌಂಟಿ ಕೂಡಿಸಿಕೊಳ್ಳಿ.

ಕೊನೆಗೆ, ಯಾವುದನ್ನೇ ಆರಿಸಿದರೂ ಎರಡು ಸಣ್ಣ ಕೆಲಸ. ಕನೆಕ್ಟಿಕಟ್‌ನ 8 ಕೌಂಟಿಗಳ ಬದಲು ಸೆನ್ಸಸ್‌ನವರು ಈಗ 9 ಯೋಜನಾ ಪ್ರದೇಶ ಬಳಸುತ್ತಿದ್ದಾರೆ. ಹಳೆಯ ಕಡತ, ಹೊಸ ಕಡತ ಜೋಡಿಸಿದರೆ ಆ ರಾಜ್ಯವೇ ಸದ್ದಿಲ್ಲದೆ ಉದುರಿಹೋಗುತ್ತದೆ. ಮತ್ತೆ, ಕೌಂಟಿಯ ಐದಂಕಿ ಗುರುತನ್ನು ಎಕ್ಸೆಲ್ ತೆರೆಯುವ ಮುಂಚೆಯೇ ಟೆಕ್ಸ್ಟ್ ಅಂತ ಗೊತ್ತು ಮಾಡಿ. ಇಲ್ಲದಿದ್ದರೆ ಅಲಬಾಮಾದ ಅಟಾಗಾ ಕೌಂಟಿಯ 01001 ಎಂಬುದು 1001 ಆಗುತ್ತದೆ, ಮೊದಲ ಸೊನ್ನೆ ಇರುವ ರಾಜ್ಯಗಳೆಲ್ಲ, ಕ್ಯಾಲಿಫೋರ್ನಿಯಾ ಸಮೇತ, ಜೋಡಣೆಯಲ್ಲಿ ಬಿಟ್ಟುಹೋಗುತ್ತವೆ. ನನಗೆ ಇದು ಗೊತ್ತಾಗಿದ್ದು ವರದಿ ಕಳಿಸಿದ ಮೇಲೆ, ರಾತ್ರಿ ಹನ್ನೊಂದೂವರೆಗೆ.